ಸಂತಾನತಂತ್ರವಾದವೂ ದುಷ್ಷಮಕಾಲದ ಕಥೆಗಳೂ

೧. ವಿಷಯಪ್ರವೇಶ

ಮುಂದೆ ಬರಲಿರುವ ಕೆಟ್ಟ ಕಾಲವನ್ನು ಊಹಿಸಿ ವರ್ಣಿಸುವ ಕಥೆಗಳನ್ನು ಪಾಶ್ಚಾತ್ಯ ವಿಮರ್ಶಕರು ‘ಡಿಸ್ಟೋಪಿಯ’ ಎಂಬ ಹೆಸರಿನಿಂದ ಕರೆಯುತ್ತಾರೆ. ವಿಜ್ಞಾನವನ್ನು ಆಶ್ರಯಿಸಿದ ಕಾದಂಬರಿಗಳಲ್ಲಿ ಇವು ಒಂದು ದೊಡ್ಡ ವರ್ಗವಾಗಿವೆ. ಈ ಹೆಸರಿಗೆ ಸಮಾನವಾದ ಮಾತನ್ನು ನಾವು ಹೊಸದಾಗಿ ಟಂಕಿಸಬೇಕಾಗಿಲ್ಲ. ಜೈನಶಾಸ್ತ್ರಗಳು ಕಾಲಚಕ್ರದ ಇಳಿಯುವ ಅರ್ಧಕ್ಕೆ ಅವಸರ್ಪಿಣಿ ಎಂದು ಹೆಸರಿಟ್ಟು, ಅದನ್ನು ಸುಷಮಸುಷಮ, ಸುಷಮ, ಸುಷಮದುಷ್ಷಮ, ದುಷ್ಷಮಸುಷಮ, ದುಷ್ಷಮ, ಅತಿದುಷ್ಷಮ ಎಂದು ಆರು ಕಾಲಗಳಾಗಿ ವಿಭಾಗಿಸುತ್ತವೆ. ಇವುಗಳಲ್ಲಿ ಕೊನೆಯದರ ವರ್ಣನೆಯೇ ನಮ್ಮ ನಾಡಿನ ಅತ್ಯಂತ ವಿಸ್ತಾರವಾದ ಡಿಸ್ಟೋಪಿಯ. ಆದುದರಿಂದ ಪ್ರಕೃತ ಲೇಖನದಲ್ಲಿ ಇಂತಹ ರಚನೆಗಳನ್ನೆಲ್ಲ ‘ದುಷ್ಷಮಕಥೆ’ ಎಂದೇ ಕರೆಯುತ್ತೇವೆ.

ಜೀವಶಾಸ್ತ್ರಜ್ಞರು ಪ್ರತಿಪಾದಿಸಿರುವ ಸಂತಾನತಂತ್ರವಾದದಿಂದ ಈ ಕಥೆಗಳ ಮೇಲೆ ಬೆಳಕು ಬೀಳುವುದೇ, ಬಿದ್ದರೆ ಎಷ್ಟು ದೂರದವರೆಗೆ ಎಂಬುದು ಇಲ್ಲಿನ ವಿಚಾರ. ಈ ವಿಚಾರಕ್ಕೆ ತುಳುನಾಡಿನ ಒಳಭಾಗಕ್ಕಿಂತ ತಕ್ಕ ನೆಲೆ ದೊರೆಯಲಾರದು. ಮೂಡಬಿದಿರೆಯ ಸಿದ್ಧಾಂತಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳ ತಾಳಪತ್ರಪ್ರತಿಗಳು ಶತಮಾನಗಳ ಕಾಲ ರಕ್ಷಿತವಾಗಿ ಬಂದುವು. ಜಯಧವಲದಲ್ಲಿ ಅಡಕವಾಗಿರುವ ಚೂರ್ಣಿಸೂತ್ರಗಳ ಕರ್ತೃವಾದ ಯತಿವೃಷಭಾಚಾರ್ಯನೇ ಕಾಲಚಕ್ರವನ್ನು ಅಂಕಿಸಂಖ್ಯೆಗಳೊಡನೆ ನಿರೂಪಿಸುವ ತಿಲೋಯಪಣ್ಣತ್ತಿಯನ್ನೂ ರಚಿಸಿದವನು. ೧೬ನೆಯ ಶತಮಾನದಲ್ಲಿ ಭರತೇಶವೈಭವವನ್ನು ಬರೆದ ರತ್ನಾಕರವರ್ಣಿಯು ಮೂಡಬಿದಿರೆಯವನು. ಬೆಳ್ತಂಗಡಿ ಸೀಮೆಯ ವೇಣೂರಿನಲ್ಲಿ ೧೬೦೪ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಬಾಹುಬಲಿಮೂರ್ತಿಯೂ, ಧರ್ಮಸ್ಥಳದಲ್ಲಿ ೧೯೮೨ರಲ್ಲಿ ಪ್ರತಿಷ್ಠಿತವಾದ ಬಾಹುಬಲಿಮೂರ್ತಿಯೂ ಭೋಗಭೂಮಿಯು ಮುಗಿದು ಕರ್ಮಭೂಮಿಯು ತೊಡಗಿದ ಸಂಧಿಕಾಲದ ಪುರುಷನೊಬ್ಬನ ಸ್ಮಾರಕಗಳೇ ಆಗಿವೆ.

೨. ಸಂತಾನತಂತ್ರವಾದದ ಸ್ವರೂಪ

ಪ್ರಾಣಿಗೆ ದೊರೆಯುವ ಆಹಾರವೂ ಆಯುಸ್ಸೂ ಮಿತವಾದುವು. ಈ ಮಿತದ್ರವ್ಯವನ್ನು ತನ್ನ ಶರೀರದ ಬೆಳವಣಿಗೆ, ಮರಿಗಳ ಸಂಖ್ಯೆ, ಒಂದೊಂದು ಮರಿಯ ಪೋಷಣೆ ಎಂಬ ಬಾಬುಗಳಲ್ಲಿ ಅದು ಹಂಚಬೇಕು. ಒಂದರಲ್ಲಿ ಹೆಚ್ಚಿಸಿದರೆ ಇನ್ನೊಂದರಲ್ಲಿ ಕಡಿಮೆಯಾಗಲೇಬೇಕು. ಇದೇ ಈ ವಾದದ ಬೀಜ.

೧೯೬೭ರಲ್ಲಿ ರಾಬರ್ಟ್ ಮೆಕಾರ್ಥರ್, ಎಡ್ವರ್ಡ್ ವಿಲ್ಸನ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ದ್ವೀಪಗಳ ಜೀವಿಗಳನ್ನು ಕುರಿತ ಗ್ರಂಥದಲ್ಲಿ ಇದಕ್ಕೆ ಗಣಿತದ ರೂಪವನ್ನು ಕೊಟ್ಟರು. ಸಂತತಿಯ ವೃದ್ಧಿವೇಗಕ್ಕೆ ‘ಆರ್’ ಎಂದೂ, ಒಂದು ನೆಲವು ಎಷ್ಟು ಜೀವಿಗಳನ್ನು ಹೊರಬಲ್ಲುದೋ ಆ ಧಾರಣಶಕ್ತಿಗೆ ‘ಕೆ’ ಎಂದೂ ಸಂಕೇತವಿದೆ. ೧೯೭೦ರಲ್ಲಿ ಎರಿಕ್ ಪಿಯಾಂಕನು ಈ ಎರಡು ಬಗೆಗಳ ಲಕ್ಷಣಗಳನ್ನು ಎದುರುಬದುರಾಗಿ ಪಟ್ಟಿಮಾಡಿದನು. ಮೊದಲನೆಯ ಬಗೆಯಲ್ಲಿ ಸಣ್ಣ ಮೈ, ಅಲ್ಪಾಯುಸ್ಸು, ಬೇಗನೆ ಪ್ರಾಯಕ್ಕೆ ಬರುವುದು, ಬಹುಸಂತಾನ, ಕಡಿಮೆ ಪೋಷಣೆ. ಎರಡನೆಯದರಲ್ಲಿ ದೊಡ್ಡ ಮೈ, ದೀರ್ಘಾಯುಸ್ಸು, ತಡವಾದ ಪ್ರಸವ, ಅಲ್ಪಸಂತಾನ, ಹೆಚ್ಚಿನ ಪೋಷಣೆ. ಇವನ್ನು ಬಹುಪ್ರಜಾತಂತ್ರ, ಅಲ್ಪಪ್ರಜಾತಂತ್ರ ಎಂದು ಕರೆಯೋಣ. ತಂತ್ರವೆಂದ ಮಾತ್ರಕ್ಕೆ ಪ್ರಾಣಿಯು ಆಲೋಚಿಸಿ ಆರಿಸಿಕೊಂಡಿತೆಂದು ಭಾವಿಸತಕ್ಕದ್ದಲ್ಲ. ಆಯಾ ನೆಲೆಯಲ್ಲಿ ಯಾವ ನಡೆಯಿಂದ ಹೆಚ್ಚು ಸಂತತಿ ಉಳಿಯಿತೋ ಅದು ಉಳಿದು ಬಂದಿತು ಎಂಬುದಷ್ಟೇ ಅರ್ಥ.

ನಿದರ್ಶನಗಳನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮುಂಗಾರಿನ ಮೊದಲ ಮಳೆಗೆ ಬಂಟ್ವಾಳದ ಬಯಲುಗದ್ದೆಗಳಲ್ಲಿ ಕಪ್ಪೆಯು ರಾಶಿರಾಶಿಯಾಗಿ ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಉಳಿಯುವುವು ಕೆಲವೇ ಮರಿಗಳು. ಚಾರ್ಮಾಡಿಯ ಕಾಡಿನ ಮಂಗಟ್ಟೆಹಕ್ಕಿಯ ರೀತಿ ಇದಕ್ಕೆ ವಿರುದ್ಧವಾದುದು. ಹೆಣ್ಣು ಮರದ ಪೊಟರೆಯನ್ನು ಹೊಕ್ಕು ಬಾಗಿಲನ್ನು ಮೆತ್ತಿಕೊಳ್ಳುತ್ತದೆ; ಗಂಡು ಬಿರುಕಿನ ಮೂಲಕ ಹಣ್ಣನ್ನು ಉಣಿಸುತ್ತದೆ; ಇಷ್ಟು ಶ್ರಮದಿಂದ ಬೆಳೆಯುವುದು ಸಾಮಾನ್ಯವಾಗಿ ಒಂದೇ ಮರಿ. ೧೯೨೩ರ ಮಹಾಪೂರದಂತಹ ನೆರೆಯು ನೇತ್ರಾವತಿಯ ದಡವನ್ನು ಬೋಳುಮಾಡಿದಾಗ ಮೊದಲು ಮೇಲೇಳುವುದು ಬೇಗ ಬೆಳೆದು ಬಹಳ ಬೀಜ ಬಿಡುವ ಹುಲ್ಲುಕಳೆಗಳು. ನೆಲವು ಕದಡದೆ ಬಹುಕಾಲ ನಿಂತರೆ ಮಾತ್ರ ನಿಧಾನವಾಗಿ ಬೆಳೆಯುವ ಹೆಮ್ಮರಗಳಿಗೆ ಅವಕಾಶ.

ಈ ವಾದವು ಮುಂದೆ ತಿದ್ದುಪಡಿಯನ್ನು ಹೊಂದಿತು. ಎರಡೇ ಬಗೆಗಳೆಂಬ ವಿಭಾಗವು ಒರಟಾದುದೆಂದೂ, ಯಾವ ವಯಸ್ಸಿನಲ್ಲಿ ಮರಣಭಯ ಎಷ್ಟು ಎಂಬುದೇ ಮುಖ್ಯ ಕಾರಣವೆಂದೂ ಸ್ಟೀವನ್ ಸ್ಟರ್ನ್ಸ್ ಮೊದಲಾದವರು ತೋರಿಸಿದರು. ಇದಕ್ಕೆ ಪ್ರಯೋಗದ ಆಧಾರವೂ ಉಂಟು. ಟ್ರಿನಿಡಾಡ್ ದ್ವೀಪದ ಹೊಳೆಗಳಲ್ಲಿ ದೊಡ್ಡ ಮೀನುಗಳ ಬಾಯಿಗೆ ತುತ್ತಾಗುತ್ತಿದ್ದ ಗಪ್ಪಿ ಎಂಬ ಕಿರುಮೀನುಗಳನ್ನು ಆ ಶತ್ರುಗಳಿಲ್ಲದ ನೀರಿಗೆ ಬಿಟ್ಟು ನೋಡಿದಾಗ, ಹನ್ನೊಂದು ವರ್ಷಗಳಲ್ಲಿ ಅವುಗಳ ಪೀಳಿಗೆಯು ತಡವಾಗಿ ಪ್ರಾಯಕ್ಕೆ ಬರುವುದಾಗಿಯೂ, ಕಡಿಮೆಯಾದರೂ ದೊಡ್ಡ ಮರಿಗಳನ್ನು ಹಾಕುವುದಾಗಿಯೂ ಮಾರ್ಪಟ್ಟಿತು. ಡೇವಿಡ್ ರೆಜ್ನಿಕ್ ಮತ್ತು ಸಂಗಡಿಗರು ಇದನ್ನು ೧೯೯೦ರಲ್ಲಿ ಪ್ರಕಟಿಸಿದರು. ಸಾವು ಹೇಗೆ ಬರುತ್ತದೆಯೋ ಜನನವೂ ಹಾಗೆ ಎಂಬುದು ಇದರ ಸಾರ.

೩. ಕಲಿಯುಗವರ್ಣನೆ ಮತ್ತು ಅತಿದುಷ್ಷಮಕಾಲ

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಗ್ರಂಥಗಳನ್ನು ನೋಡೋಣ. ವಿಷ್ಣುಪುರಾಣದ ಆರನೆಯ ಅಂಶದ ಮೊದಲನೆಯ ಅಧ್ಯಾಯದಲ್ಲಿ ಕಲಿಯುಗದ ವರ್ಣನೆಯಿದೆ. ಹೆಂಗಸರು ಐದು, ಆರು, ಏಳು ವರ್ಷಗಳಿಗೇ ಹೆರುವರು. ಗಂಡಸರು ಎಂಟು, ಒಂಬತ್ತು, ಹತ್ತು ವರ್ಷಗಳಿಗೇ ತಂದೆಗಳಾಗುವರು. ಹನ್ನೆರಡಕ್ಕೆ ತಲೆ ನರೆಯುವುದು. ಇಪ್ಪತ್ತನ್ನು ಯಾರೂ ಮುಟ್ಟಲಾರರು. ಸ್ತ್ರೀಯರ ಮೈ ಗಿಡ್ಡ, ಮಕ್ಕಳು ಬಹಳ, ಭಾಗ್ಯ ಸ್ವಲ್ಪ ಎಂದು ಅಲ್ಲಿ ಹೇಳಿದೆ.

ಜೈನಗ್ರಂಥಗಳ ಅತಿದುಷ್ಷಮಕಾಲವೂ ಹೀಗೆಯೇ ಇದೆ. ೨೧,೦೦೦ ವರ್ಷಗಳ ಈ ಕಾಲದ ಆರಂಭದಲ್ಲಿ ಮನುಷ್ಯರ ಆಯುಸ್ಸು ೨೦ ವರ್ಷ; ಅಂತ್ಯದಲ್ಲಿ ಅದು ಹದಿನೈದು ಹದಿನಾರಕ್ಕೆ ಇಳಿದು ಎತ್ತರವು ಒಂದು ಮೊಳವಾಗುತ್ತದೆ. ಮನೆಯಿಲ್ಲ, ಬಟ್ಟೆಯಿಲ್ಲ, ಗೆಡ್ಡೆಗೆಣಸು ಮೀನುಗಳೇ ಆಹಾರ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯನು ೧೨ನೆಯ ಶತಮಾನದಲ್ಲಿ ಇದನ್ನೇ ವರ್ಣಿಸುತ್ತ, ಆ ಕಾಲದ ಹೆಣ್ಣು ಆರನೆಯ ವರ್ಷದಲ್ಲಿ ಗರ್ಭಧರಿಸಿ, ಕಷ್ಟದಿಂದ ಹೆತ್ತು, ಹದಿನಾರಕ್ಕೆ ಮಕ್ಕಳು ಮೊಮ್ಮಕ್ಕಳ ಗುಂಪಿನ ನಡುವೆ ಮುದುಕಿಯಾಗುವಳೆಂದು ಹೇಳುತ್ತಾನೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮೈಯ ಅಳತೆ, ಮೊದಲ ಪ್ರಸವದ ವಯಸ್ಸು, ಮಕ್ಕಳ ಸಂಖ್ಯೆ, ಆಯುಸ್ಸು ಈ ನಾಲ್ಕನ್ನೂ ಪುರಾಣಕಾರರು ಒಟ್ಟಿಗೇ ಬದಲಿಸಿದ್ದಾರೆ. ಆಯುಸ್ಸು ಕುಗ್ಗಿತು, ಆದರೆ ಪ್ರಸವವು ತಡವಾಗಿಯೇ ಉಳಿಯಿತು ಎಂದು ಬರೆದವರಿಲ್ಲ. ಹಾಗೆ ಬರೆದಿದ್ದರೆ ಆ ಲೋಕವು ಒಂದೇ ತಲೆಮಾರಿಗೆ ಮುಗಿಯುತ್ತಿತ್ತು. ಪಿಯಾಂಕನ ಪಟ್ಟಿಯ ಮೊದಲನೆಯ ಬಗೆಯಲ್ಲಿರುವ ಲಕ್ಷಣಗಳೇ ಇವು.

ಹಾಗಾದರೆ ಆಧುನಿಕ ಜೀವಶಾಸ್ತ್ರವು ನಮ್ಮ ಪೂರ್ವಿಕರಿಗೆ ಮೊದಲೇ ತಿಳಿದಿತ್ತೆಂದು ಹೇಳಬಹುದೆ ಎಂಬ ಶಂಕೆ ಹುಟ್ಟುತ್ತದೆ. ಹಾಗೆ ಹೇಳಲಾಗದು. ಸಿದ್ಧಾಂತವೆಂದರೆ ಕಾರ್ಯಕಾರಣಗಳ ನಿಯತಸಂಬಂಧ. ಪುರಾಣದಲ್ಲಿರುವುದು ಲಕ್ಷಣಗಳ ಸಹಪಾಠ ಮಾತ್ರ. ಆಡು, ಹಸು, ನಾಯಿ, ಕೋಳಿಗಳೊಡನೆ ಬಾಳಿದ ಜನರಿಗೆ ಸಣ್ಣ ಪ್ರಾಣಿ ಬೇಗ ಹೆತ್ತು ಬೇಗ ಸಾಯುತ್ತದೆಂಬ ಅನುಭವವಿತ್ತು. ಮನುಷ್ಯನು ಪಶುತ್ವಕ್ಕೆ ಇಳಿಯುವನೆಂದು ಚಿತ್ರಿಸಹೊರಟಾಗ ಆ ಅನುಭವವೇ ಅವರ ಕೈಹಿಡಿಯಿತೆಂದು ತೋರುತ್ತದೆ. ಮತ್ತೊಂದು ಮಾತು: ಅದೇ ಅಧ್ಯಾಯದಲ್ಲಿ ಅನಾವೃಷ್ಟಿ, ದುರ್ಭಿಕ್ಷ, ಕರಭಾರಗಳಿಂದ ಜನರು ದೇಶಬಿಟ್ಟು ಹೋಗುವರೆಂಬ ವರ್ಣನೆಯೂ ಇದೆ. ಮರಣದ ಕಾರಣಗಳೂ ಜನನದ ಲಕ್ಷಣಗಳೂ ಪಕ್ಕಪಕ್ಕದಲ್ಲಿಯೇ ಇವೆ. ಅವೆರಡನ್ನು ಜೋಡಿಸುವ ದಾರವೊಂದು ಮಾತ್ರ ಇಲ್ಲ. ಆ ದಾರವನ್ನು ಒದಗಿಸುವುದೇ ಸಂತಾನತಂತ್ರವಾದದ ಉಪಕಾರ.

೪. ಭೋಗಭೂಮಿಯ ಯುಗಲರು

ಕೆಟ್ಟ ಕಾಲವನ್ನು ಅಳೆಯಬೇಕಾದರೆ ಒಳ್ಳೆಯ ಕಾಲದ ಚಿತ್ರವೂ ಬೇಕು. ಸುಷಮಸುಷಮಕಾಲದಲ್ಲಿ ಮನುಷ್ಯರ ಆಯುಸ್ಸು ಮೂರು ಪಲ್ಯ, ಎತ್ತರವು ೬,೦೦೦ ಧನುಸ್ಸು. ಬೇಕಾದುದನ್ನೆಲ್ಲ ಕಲ್ಪವೃಕ್ಷಗಳು ಕೊಡುತ್ತವೆ. ದಂಪತಿಗಳಿಗೆ ಜೀವಮಾನದ ಕೊನೆಯಲ್ಲಿ ಒಂದೇ ಬಾರಿ ಒಂದು ಗಂಡು ಒಂದು ಹೆಣ್ಣು ಅವಳಿಯಾಗಿ ಹುಟ್ಟುತ್ತವೆ. ಹುಟ್ಟಿದೊಡನೆ ತಂದೆಯು ಸೀನಿನಿಂದಲೂ ತಾಯಿಯು ಆಕಳಿಕೆಯಿಂದಲೂ ಪ್ರಾಣಬಿಡುತ್ತಾರೆ. ಶಿಶುಗಳು ಹೆಬ್ಬೆರಳನ್ನು ಚೀಪುತ್ತ ಮಲಗಿದ್ದು ೨೧ ದಿನಗಳಲ್ಲಿ ತಾರುಣ್ಯವನ್ನು ಪಡೆಯುತ್ತವೆ. ಇದು ದಿಗಂಬರ ಸಂಪ್ರದಾಯದ ನಿರೂಪಣೆ.

ಪಿಯಾಂಕನ ಪಟ್ಟಿಯು ಇಲ್ಲಿ ತೊಡಕಿಗೆ ಸಿಲುಕುತ್ತದೆ. ಅಲ್ಪಪ್ರಜೆ ಇದೆ, ದೀರ್ಘಾಯುಸ್ಸಿದೆ, ದೊಡ್ಡ ಮೈಯಿದೆ. ಆದರೆ ಪೋಷಣೆಯೇ ಇಲ್ಲ! ಒಂದೇ ಬಾರಿ ಹೆತ್ತು ಸಾಯುವ ಈ ರೀತಿಯು ಪ್ರಕೃತಿಯಲ್ಲಿ ಇಲ್ಲದುದಲ್ಲ. ಗ್ರಂಥ ಬರೆಯಲು ಗರಿಯನ್ನು ಕೊಡುವ ಶ್ರೀತಾಳೆಯ ಮರವು ಹಲವು ದಶಕ ಬೆಳೆದು, ಒಮ್ಮೆ ತುದಿಯಲ್ಲಿ ಮಹಾಪುಷ್ಪಗುಚ್ಛವನ್ನು ಎತ್ತಿ, ಲೆಕ್ಕವಿಲ್ಲದಷ್ಟು ಕಾಯನ್ನು ಬಿಟ್ಟು ಒಣಗಿಹೋಗುತ್ತದೆ. ಆದರೆ ಶ್ರೀತಾಳೆಗೆ ಲೆಕ್ಕವಿಲ್ಲದ ಬೀಜ ಬೇಕು, ಯುಗಲರಿಗೆ ಎರಡೇ ಶಿಶು ಸಾಕು. ಕಾರಣವೇನು? ಶ್ರೀತಾಳೆಯ ಬೀಜಗಳಲ್ಲಿ ಬಹುಪಾಲು ನಾಶವಾಗುತ್ತವೆ. ಭೋಗಭೂಮಿಯಲ್ಲಿ ಅಕಾಲಮರಣವೇ ಇಲ್ಲ. ಇಬ್ಬರು ಹೋದರು, ಇಬ್ಬರು ಬಂದರು. ಜನಸಂಖ್ಯೆಯು ಏರಲೂ ಇಲ್ಲ, ಇಳಿಯಲೂ ಇಲ್ಲ. ತಾಯಿತಂದೆಗಳ ಪೋಷಣೆಯ ಕೆಲಸವನ್ನು ಕಲ್ಪವೃಕ್ಷವೇ ವಹಿಸಿಕೊಂಡಿದೆ. ಹೀಗೆ ನೋಡಿದರೆ ಪಟ್ಟಿಯು ಸೋತಲ್ಲಿ ಅದರ ಹಿಂದಿನ ತತ್ತ್ವವು ಗೆಲ್ಲುತ್ತದೆ.

ಇದಕ್ಕಿಂತ ಮನೋಹರವಾದುದು ಮುಂದಿನ ಕಥೆ. ೯ನೆಯ ಶತಮಾನದ ಜಿನಸೇನಾಚಾರ್ಯನು ತನ್ನ ಆದಿಪುರಾಣದಲ್ಲಿ, ಮೂರನೆಯ ಕಾಲದ ಕೊನೆಯಲ್ಲಿ ಕ್ರಮವಾಗಿ ಬಂದ ಹದಿನಾಲ್ವರು ಕುಲಕರರನ್ನು ವರ್ಣಿಸುತ್ತಾನೆ. ಎಂಟನೆಯವನಾದ ಚಕ್ಷುಷ್ಮಂತನ ಕಾಲದಲ್ಲಿ ತಾಯಿತಂದೆಗಳು ಮೊದಲ ಬಾರಿಗೆ ಮಕ್ಕಳ ಮುಖವನ್ನು ಕ್ಷಣಕಾಲ ಕಂಡರು; ಕಂಡು ಹೆದರಿದರು. ಹತ್ತನೆಯವನಾದ ಅಭಿಚಂದ್ರನ ಕಾಲಕ್ಕೆ ಅವರು ಮಕ್ಕಳಿಗೆ ಚಂದ್ರನನ್ನು ತೋರಿಸಿ ಆಡಿಸುವಷ್ಟು ಹೊತ್ತು ಬದುಕಿದರು. ಹದಿಮೂರನೆಯ ಪ್ರಸೇನಜಿತನ ಕಾಲದಲ್ಲಿ ಶಿಶುಗಳು ಜರಾಯುವಿನಿಂದ ಸುತ್ತಲ್ಪಟ್ಟು ಹುಟ್ಟತೊಡಗಿದುವು. ಹದಿನಾಲ್ಕನೆಯ ನಾಭಿರಾಜನು ಹೊಕ್ಕುಳಬಳ್ಳಿಯನ್ನು ಕತ್ತರಿಸುವುದನ್ನು ಕಲಿಸಿದನು. ಇತ್ತ ಕಲ್ಪವೃಕ್ಷಗಳು ಒಂದೊಂದಾಗಿ ಬತ್ತುತ್ತಿದ್ದುವು.

ಸಾಮಾನ್ಯವಾಗಿ ಈ ಭಾಗವನ್ನು ಅವನತಿಯ ಮೆಟ್ಟಿಲುಗಳೆಂದು ಓದುವ ವಾಡಿಕೆ. ಸಂತಾನತಂತ್ರದ ದೃಷ್ಟಿಯಿಂದ ಓದಿದರೆ ಇದು ಪೋಷಣೆಯ ಉತ್ಪತ್ತಿಯ ಕಥೆ. ಪ್ರಕೃತಿಯ ಧಾರಾಳತನವು ಕುಗ್ಗಿದಷ್ಟೂ ತಾಯಿತಂದೆಗಳು ಮಕ್ಕಳ ಬಳಿ ಉಳಿಯಬೇಕಾಯಿತು. ಕಲ್ಪವೃಕ್ಷವು ಇಳಿದ ಭಾರವನ್ನು ಮನುಷ್ಯನ ತೋಳು ಹೊತ್ತಿತು. ಮಗುವಿಗೆ ಚಂದ್ರನನ್ನು ತೋರಿಸುವ ಸುಖವು ಭೋಗಭೂಮಿಯ ನಿಜವಾದ ಸುಖಿಗಳಿಗೆ ಇರಲಿಲ್ಲವೆಂಬುದನ್ನು ಜಿನಸೇನನು ಹೇಳದೆಯೇ ತೋರಿಸಿದ್ದಾನೆ.

೫. ಆಧುನಿಕ ದುಷ್ಷಮಕಥೆಗಳು

ಇನ್ನು ಪಶ್ಚಿಮದ ಕಥೆಗಳ ಕಡೆಗೆ ತಿರುಗೋಣ. ೧೮೯೫ರಲ್ಲಿ ಹೆಚ್. ಜಿ. ವೆಲ್ಸನು ಕಾಲಯಂತ್ರದ ಕಥೆಯನ್ನು ಬರೆದನು. ಲಕ್ಷಾಂತರ ವರ್ಷಗಳ ಆಚೆಗೆ ಹೋದ ಪಯಣಿಗನು ಈಲಾಯ್ ಎಂಬ ಗಿಡ್ಡ, ಕೋಮಲ, ಹಣ್ಣುತಿನ್ನುವ ಜನರನ್ನು ಕಾಣುತ್ತಾನೆ. ಅವರಲ್ಲಿ ಹೆಣ್ಣುಗಂಡುಗಳ ರೂಪಭೇದವೂ ಮಾಸಿದೆ. ಅಪಾಯವಿಲ್ಲದ, ಸಮೃದ್ಧವಾದ ಲೋಕದಲ್ಲಿ ಹೆಚ್ಚು ಮಕ್ಕಳೂ ಬಲವಾದ ಕುಟುಂಬವೂ ಬೇಕಾಗುವುದಿಲ್ಲವೆಂದು ಪಯಣಿಗನು ತರ್ಕಿಸುತ್ತಾನೆ. ಮೆಕಾರ್ಥರ್ ಮತ್ತು ವಿಲ್ಸನರಿಗಿಂತ ೭೨ ವರ್ಷ ಮೊದಲೇ ಇದು ಅವರ ದಾರಿಯಲ್ಲಿಯೇ ಸಾಗಿದ ತರ್ಕ. ಮುಂದೆ ನೆಲದಡಿಯ ಮಾರ್ಲಾಕರು ಈ ಈಲಾಯರನ್ನು ದನಗಳಂತೆ ಸಾಕಿ ತಿನ್ನುತ್ತಾರೆಂದು ತಿಳಿದಾಗ, ಈ ಭೋಗಭೂಮಿಯ ಕಲ್ಪವೃಕ್ಷವೇ ಕಟುಕನೆಂದು ಗೊತ್ತಾಗುತ್ತದೆ.

೧೯೩೨ರಲ್ಲಿ ಬಂದ ಆಲ್ಡಸ್ ಹಕ್ಸ್‌ಲಿಯ ಕಾದಂಬರಿಯಲ್ಲಿ ಮನುಷ್ಯರು ಸೀಸೆಗಳಲ್ಲಿ ಹುಟ್ಟುತ್ತಾರೆ. ಕೆಳದರ್ಜೆಯವರಿಗಾಗಿ ಒಂದು ಅಂಡದಿಂದ ೯೬ರವರೆಗೆ ಒಂದೇ ರೂಪದ ಶಿಶುಗಳನ್ನು ತೆಗೆಯುತ್ತಾರೆ. ಮೇಲುದರ್ಜೆಯವರಿಗೆ ಒಂದು ಅಂಡಕ್ಕೆ ಒಂದೇ ಶಿಶು. ಅಂದರೆ ಒಂದೇ ರಾಜ್ಯವು ಎರಡು ತಂತ್ರಗಳನ್ನೂ ಎರಡು ವರ್ಗಗಳಿಗೆ ಹಂಚಿಬಿಟ್ಟಿದೆ. ತಾಯಿ ಎಂಬ ಶಬ್ದವೇ ಅಲ್ಲಿ ಅಶ್ಲೀಲ. ಮಾರ್ಗರೆಟ್ ಆಟ್‌ವುಡ್ ೧೯೮೫ರ ಕಾದಂಬರಿಯಲ್ಲಿ, ಸಂತಾನವು ವಿರಳವಾದ ರಾಜ್ಯವು ಹೆರಬಲ್ಲ ಹೆಂಗಸರನ್ನು ಅಧಿಕಾರಿಗಳಿಗೆ ಹಂಚುವುದನ್ನು ಚಿತ್ರಿಸಿದಳು. ಪಿ. ಡಿ. ಜೇಮ್ಸ್ ೧೯೯೨ರ ಕಾದಂಬರಿಯಲ್ಲಿ, ೧೯೯೫ರ ಬಳಿಕ ಮಗುವೇ ಹುಟ್ಟದ ಲೋಕವನ್ನು ಕಲ್ಪಿಸಿದಳು.

ಪುರಾಣದ ಭಯಕ್ಕೂ ಈ ಭಯಗಳಿಗೂ ಭೇದ ಸ್ಪಷ್ಟ. ಪುರಾಣವು ಅಂಜಿದುದು ಬೇಗನೆ ಬರುವ ಬಹುಪ್ರಸವಕ್ಕೆ. ಆಧುನಿಕರು ಅಂಜಿದುದು ತಾಯಿಯಿಲ್ಲದ ಜನನಕ್ಕೆ, ಬಲಾತ್ಕಾರದ ಪ್ರಸವಕ್ಕೆ, ಬರಿದಾದ ತೊಟ್ಟಿಲಿಗೆ. ಬರಗಾಲವೂ ಶಿಶುಮರಣವೂ ನಿತ್ಯವಾಗಿದ್ದ ಕಾಲದ ಭಯ ಮೊದಲನೆಯದು; ಮರಣವನ್ನು ದೂರ ತಳ್ಳಿದ ಕಾಲದ ಭಯ ಎರಡನೆಯದು. ಈ ಎರಡನೆಯ ಕಾಲವು ನಮ್ಮ ಮನೆಬಾಗಿಲಿಗೂ ಬಂದಿದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ ೧.೭ ಮಕ್ಕಳು. ಜನಸಂಖ್ಯೆಯು ಸ್ಥಿರವಾಗಿರಲು ೨.೧ ಬೇಕೆಂಬುದು ಲೆಕ್ಕ. ಭೋಗಭೂಮಿಯಲ್ಲಿ ಎರಡು ಸಾಕಾಗಿತ್ತು. ಇಲ್ಲಿ ಹೆಚ್ಚುವರಿಯಾಗಿ ಬೇಕಾದ ಆ ದಶಮಾಂಶವು, ಹೆಣ್ಣುಶಿಶುಗಳಿಗಿಂತ ಗಂಡುಶಿಶುಗಳು ತುಸು ಹೆಚ್ಚಾಗಿ ಹುಟ್ಟುವುದರಿಂದಲೂ, ಪ್ರಾಯಕ್ಕೆ ಬರುವ ಮೊದಲೇ ಕೆಲವರು ಸಾಯುವುದರಿಂದಲೂ ಬಂದುದು.

೬. ಈ ದೃಷ್ಟಿಯ ಮಿತಿ

ಉಪಕಾರವನ್ನು ಹೇಳಿದ ಮೇಲೆ ಅಪಾಯವನ್ನೂ ಹೇಳಬೇಕು. ಮೊದಲನೆಯದಾಗಿ, ಜೀವಶಾಸ್ತ್ರದಲ್ಲಿ ಬಹುಪ್ರಜಾತಂತ್ರವು ಹೀನವೂ ಅಲ್ಲ, ಅಲ್ಪಪ್ರಜಾತಂತ್ರವು ಉತ್ತಮವೂ ಅಲ್ಲ. ಗದ್ದೆಯಲ್ಲಿ ಕಪ್ಪೆ ಗೆದ್ದಿದೆ, ಕಾಡಿನಲ್ಲಿ ಮಂಗಟ್ಟೆ ಗೆದ್ದಿದೆ. ಪುರಾಣದ ಮೌಲ್ಯವನ್ನು ಸಿದ್ಧಾಂತದ ಪಟ್ಟಿಯೊಳಗೆ ತುಂಬಿದರೆ ಎರಡೂ ಕೆಡುತ್ತವೆ. ೨೦ನೆಯ ಶತಮಾನದ ಉತ್ತರಾರ್ಧದಲ್ಲಿ ಕೆಲವರು ಈ ಪಟ್ಟಿಯನ್ನು ಮನುಷ್ಯಜನಾಂಗಗಳಿಗೆ ಅನ್ವಯಿಸಿ, ಇವರು ಮೇಲು ಇವರು ಕೀಳು ಎಂದು ತಾರತಮ್ಯ ಮಾಡಹೊರಟರು. ಜಾತಿಜಾತಿಗಳ ಪ್ರಾಣಿಗಳನ್ನು ಹೋಲಿಸಲು ಹುಟ್ಟಿದ ಮಾನದಂಡದಿಂದ ಒಂದೇ ಜಾತಿಯ ಪ್ರಾಣಿಯಾದ ಮನುಷ್ಯರನ್ನು ಅಳೆದುದು ತರ್ಕದೋಷವೆಂದು ಜೀವಶಾಸ್ತ್ರಜ್ಞರೇ ಖಂಡಿಸಿದ್ದಾರೆ.

ಎರಡನೆಯದಾಗಿ, ಮನುಷ್ಯನಲ್ಲಿ ಪೋಷಣೆಯ ವ್ಯವಸ್ಥೆಯು ಶರೀರದಿಂದ ಮಾತ್ರವಲ್ಲದೆ ಕಟ್ಟಳೆಯಿಂದಲೂ ನಡೆಯುತ್ತದೆ. ಈ ಮೂರು ಊರುಗಳ ಸೀಮೆಯಲ್ಲಿಯೇ ಬಂಟರು, ಬಿಲ್ಲವರು, ಜೈನರು ಮೊದಲಾದವರಲ್ಲಿ ಅಳಿಯಸಂತಾನಕಟ್ಟು ನಡೆದುಬಂದಿತು. ಮನೆಯ ಯಜಮಾನನು ತನ್ನ ಮಕ್ಕಳಿಗಿಂತ ಮೊದಲು ಅಕ್ಕತಂಗಿಯರ ಮಕ್ಕಳ ಹೊಣೆಯನ್ನು ಹೊತ್ತನು. ನೆರೆಮನೆಯ ಬ್ರಾಹ್ಮಣರಲ್ಲಿ ಮಕ್ಕಳಸಂತಾನವಿತ್ತು. ಒಂದೇ ಮಣ್ಣು, ಒಂದೇ ಮಳೆ, ಒಂದೇ ಜ್ವರ; ಆದರೂ ಮಗುವನ್ನು ಹೊರುವ ಹೆಗಲು ಬೇರೆ. ೧೯೪೯ರ ಮದರಾಸು ಅಳಿಯಸಂತಾನ ಶಾಸನವೂ ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನವೂ ಬಂದು ಈ ಕಟ್ಟು ಸಡಿಲವಾಯಿತು. ಅಷ್ಟರೊಳಗೆ ಯಾರ ಶರೀರವೂ ಬದಲಾಗಲಿಲ್ಲ.

ಮೂರನೆಯದು ನಮ್ಮಂತಹ ಶಾಸ್ತ್ರಾಭ್ಯಾಸಿಗಳಿಗೆ ಸಂಬಂಧಿಸಿದುದು. ವಿಷ್ಣುಪುರಾಣವು ಬಾಲ್ಯಪ್ರಸವವನ್ನು ಕಲಿಯ ಕೆಡುಕುಗಳ ಸಾಲಿನಲ್ಲಿ ಸೇರಿಸಿದೆ. ಆದರೆ ಹೆಣ್ಣಿನ ವಿವಾಹವಯಸ್ಸನ್ನು ೧೪ಕ್ಕೆ ಏರಿಸಿದ ೧೯೨೯ರ ಬಾಲ್ಯವಿವಾಹ ನಿರ್ಬಂಧ ಶಾಸನದ ಚರ್ಚೆಯಲ್ಲಿ, ಎಂಟು ವರ್ಷದ ಕನ್ಯಾದಾನವನ್ನು ಸ್ತುತಿಸುವ ಸ್ಮೃತಿವಚನಗಳನ್ನು ಹಿಡಿದು ವಿರೋಧಿಸಿದವರು ಇದ್ದರು. ಯಾವುದನ್ನು ಪುರಾಣವು ಕೆಟ್ಟ ಕಾಲದ ಲಕ್ಷಣವೆಂದಿತೋ ಅದಕ್ಕೆ ದಾರಿಮಾಡುವುದನ್ನೇ ಧರ್ಮವೆಂದು ವಾದಿಸಿದಂತಾಯಿತು. ಇನ್ನೊಂದು ಕಡೆ, ಗಿಡ್ಡ ಮೈ, ಬಹುಪ್ರಜೆ, ಅಲ್ಪಭಾಗ್ಯಗಳನ್ನು ಪುರಾಣವು ಸ್ತ್ರೀಯರ ದೋಷಗಳ ನಡುವೆ ಎಣಿಸಿದೆ. ಕಾರ್ಯಕಾರಣಗಳನ್ನು ಬಲ್ಲವರಿಗೆ ಇವು ದೋಷಗಳಲ್ಲ. ಹಸಿವಿನ, ಸಾವಿನ, ಬಾಲ್ಯದಲ್ಲಿಯೇ ಹೊರಿಸಿದ ಗರ್ಭದ ಗುರುತುಗಳು. ದುರ್ಭಿಕ್ಷದ ಲೆಕ್ಕವನ್ನು ಹೆಣ್ಣಿನ ಹೆಸರಿಗೆ ಬರೆಯುವುದು ನ್ಯಾಯವಲ್ಲ.

೭. ಉಪಸಂಹಾರ

ಇದರಿಂದ ಸಿದ್ಧವಾದುದು ಇಷ್ಟು. ದುಷ್ಷಮಕಥೆಯು ಪುರಾಣದಲ್ಲಿರಲಿ, ಕಾದಂಬರಿಯಲ್ಲಿರಲಿ, ಅದರ ಹೃದಯವು ಜನನಮರಣಗಳ ಹೊಂದಿಕೆಯಲ್ಲಿದೆ. ಅಲ್ಲಿ ಯಾರು, ಯಾವ ವಯಸ್ಸಿಗೆ ಸಾಯುತ್ತಾರೆ? ಯಾರು, ಯಾವ ವಯಸ್ಸಿಗೆ, ಯಾರ ಇಷ್ಟದಿಂದ ಹೆರುತ್ತಾರೆ? ಹುಟ್ಟಿದ ಮಗುವನ್ನು ಯಾರು ಸಾಕುತ್ತಾರೆ? ಈ ಮೂರು ಪ್ರಶ್ನೆಗಳನ್ನು ಕೇಳಿದರೆ ಎಂತಹ ವಿಚಿತ್ರವಾದ ಕಲ್ಪಿತಲೋಕವೂ ತನ್ನ ಗುಟ್ಟನ್ನು ಬಿಡುತ್ತದೆ. ಮೊದಲನೆಯ ಪ್ರಶ್ನೆಗೂ, ಎರಡನೆಯದರಲ್ಲಿ ವಯಸ್ಸಿನ ಅಂಶಕ್ಕೂ ಸಂತಾನತಂತ್ರವಾದವು ನಂಟನ್ನು ತೋರಿಸಿಕೊಡುತ್ತದೆ. ಯಾರ ಇಷ್ಟದಿಂದ ಎಂಬುದಕ್ಕೂ, ಯಾರು ಸಾಕುವರೆಂಬುದಕ್ಕೂ ಮನುಷ್ಯನಲ್ಲಿ ಉತ್ತರಕೊಡಬೇಕಾದುದು ಧರ್ಮವೂ ಶಾಸನವೂ. ಕಾಲಚಕ್ರದ ಇಳಿಜಾರಿನಲ್ಲಿಯೇ ಮಗುವಿನ ಮುಖವನ್ನು ನೋಡುವ ಭಾಗ್ಯವು ಮನುಷ್ಯನಿಗೆ ದೊರೆಯಿತೆಂದು ಜಿನಸೇನನು ವರ್ಣಿಸಿರುವುದನ್ನು ಈ ವಿಷಯದಲ್ಲಿ ಆಸಕ್ತರಾದ ವಿದ್ವಾಂಸರು ಮತ್ತೊಮ್ಮೆ ಪರಿಶೀಲಿಸುವುದು ಯುಕ್ತ.